ಸಕಾರ–ಶಕಾರ ದಂಡವಿಚಾರ

ಮಲ್ಟಿಬ್ಯಾಂಡ್ ಡೈನಾಮಿಕ್ ಈಕ್ವಲೈಜರನ್ನು ಮಿಕ್ಸಿಂಗ್ ಎಂಜಿನಿಯರುಗಳು ಇಂದಿಗೂ ಧ್ವನಿ ತಿದ್ದುವ ಉಪಕರಣವೆಂದೇ ನಂಬಿರುವುದು ಖೇದದ ಸಂಗತಿ. ಅದು ದಂಡನೀತಿಶಾಸ್ತ್ರದ ಒಂದು ಶಾಖೆ. ಅದರ ಮೂಲಗ್ರಂಥ ಯಾವ ಕಂಪನಿಯ ಕೈಪಿಡಿಯೂ ಅಲ್ಲ, ಶೂದ್ರಕನ ‘ಮೃಚ್ಛಕಟಿಕ’ ಎಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಆ ನಾಟಕದಲ್ಲಿ ರಾಜನ ಭಾವಮೈದುನ ಶಕಾರ ‘ಸ’ ಬರಬೇಕಾದಲ್ಲೆಲ್ಲ ‘ಶ’ ಎನ್ನುತ್ತಾನೆ. ಹೆಸರೇ ಅದರಿಂದ ಬಂದದ್ದು. ನಾಯಕಿ ವಸಂತಸೇನೆಯ ಕತ್ತು ಹಿಸುಕಿ, ಸತ್ತಳೆಂದು ಬಿಟ್ಟು ಹೋದವನೂ ಅವನೇ. ಮರಣದಂಡನೆ ಮಾತ್ರ ಅವಳ ಪ್ರಿಯಕರ, ನಿರಪರಾಧಿ ಚಾರುದತ್ತನಿಗೆ. ಸಾಮಾನ್ಯ ಈಕ್ವಲೈಜರಿನ ದೋಷವೆಲ್ಲ ಈ ಒಂದು ತೀರ್ಪಿನಲ್ಲಿದೆ.

ಗಾಯಕಿಯ ಸಕಾರ ಮೈಕಿನಲ್ಲಿ ಸಿಳ್ಳೆ ಹೊಡೆಯುವುದು ಬಹುತೇಕ 5000ದಿಂದ 8000 ಹರ್ಟ್ಸ್‌ನ ಆಸುಪಾಸಿನಲ್ಲಿ. ಸಾಮಾನ್ಯ ಈಕ್ವಲೈಜರಿನಲ್ಲಿ ಅಲ್ಲಿ 6 ಡೆಸಿಬೆಲ್ ತಗ್ಗಿಸಿದರೆ ಸಿಳ್ಳೆ ಅಡಗುತ್ತದೆ, ನಿಜ. ಆದರೆ ಕಂಠದ ಹೊಳಪು, ಉಸಿರಿನ ಗಾಳಿ ವಾಸವಾಗಿರುವುದೂ ಅದೇ ಬೀದಿಯಲ್ಲಿ. ಪಲ್ಲವಿಯಿಂದ ಕೊನೆಯ ಚರಣದವರೆಗೆ ಅವಕ್ಕೂ ಅದೇ ಶಿಕ್ಷೆ. ಡೈನಾಮಿಕ್ ಈಕ್ವಲೈಜರ್ ಸದ್ದು ಥ್ರೆಶೋಲ್ಡ್ ಎಂಬ ಮಿತಿ ದಾಟಿದಾಗ ಮಾತ್ರ ಕೈಯೆತ್ತುತ್ತದೆ. ಅಟ್ಯಾಕ್ ಎಂದರೆ ಬಂಧನದ ವೇಗ, ರಿಲೀಸ್ ಎಂದರೆ ಬಿಡುಗಡೆಯದು. ಸಕಾರದ ಆಯುಷ್ಯವೇ ಹೆಚ್ಚುಕಡಿಮೆ 100 ಮಿಲಿಸೆಕೆಂಡು. ಎರಡೂ ನಿಧಾನವಾದರೆ ಕಳ್ಳ ಓಡಿಹೋಗಿ, ಅವನ ಹಿಂದೆ ಬಂದ ಅಮಾಯಕ ಆಕಾರ ಠಾಣೆ ಸೇರುತ್ತದೆ. ಇನ್ನು ಒಂದೇ ಬ್ಯಾಂಡ್ ಸಾಲದೇ ಎಂದರೆ, ಸಾಲದು. ಶಕಾರದ ಬಲ ಸಕಾರಕ್ಕಿಂತ ಕೆಳಗೆ, ಸುಮಾರು 2500ರಿಂದ 4500 ಹರ್ಟ್ಸ್‌ನಲ್ಲಿ. 7000ದಲ್ಲಿ ಕಾವಲು ನಿಂತವನ ಮೂಗಿನ ಕೆಳಗೇ ಶಕಾರ ಪಾರಾಗುತ್ತಾನೆ, ನಾಟಕದಲ್ಲಾದಂತೆಯೇ. (ಷಕಾರವನ್ನು ನಮ್ಮ ಗಾಯಕರಲ್ಲಿ ಬಹುಪಾಲು ಜನ ಶಕಾರದಲ್ಲೇ ವಿಲೀನಗೊಳಿಸಿ, ಎಂಜಿನಿಯರಿಗೆ ಒಂದು ಬ್ಯಾಂಡ್ ಉಳಿಸಿಕೊಟ್ಟಿದ್ದಾರೆ. ವ್ಯಾಕರಣಕಾರರು ಇದನ್ನು ಗಮನಿಸಬೇಕು.)

ಪೂರ್ವಪಕ್ಷದವರು ಎನ್ನುತ್ತಾರೆ: ಮಲ್ಟಿಬ್ಯಾಂಡ್ ಕಂಪ್ರೆಸರ್ ಇದನ್ನೇ ಮಾಡುತ್ತಿರಲಿಲ್ಲವೇ? ಮಾಡುತ್ತಿತ್ತು. ಆದರೆ ಅದು ಮೊದಲು ಕ್ರಾಸ್‌ಓವರ್ ಫಿಲ್ಟರುಗಳಿಂದ ಧ್ವನಿಯನ್ನು ಹೋಳು ಮಾಡಿ ಆಮೇಲೆ ಕೂಡಿಸುತ್ತದೆ. ಯಾರೂ ತಪ್ಪು ಮಾಡದ ದಿನವೂ ಹೋಳುಗಳ ಅಂಚಿನಲ್ಲಿ ಸಾಮಾನ್ಯವಾಗಿ ಫೇಸ್ ಜರುಗಿರುತ್ತದೆ. ಡೈನಾಮಿಕ್ ಈಕ್ವಲೈಜರಿನ ಫಿಲ್ಟರ್ ಸೊನ್ನೆಯಲ್ಲಿದ್ದಾಗ ಇಲ್ಲದಂತೆಯೇ ಇರುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ಅಪಾಯಕಾರಿ: ರೆಕಾರ್ಡಿಂಗ್ ವೇಳೆ ಮೈಕನ್ನು ಬಾಯಿಯ ನೇರದಿಂದ ತುಸು ಓರೆ ಮಾಡಿದ್ದರೆ ಇಷ್ಟೆಲ್ಲ ಬೇಕಿತ್ತೇ? ಬೇಕಿರಲಿಲ್ಲ. ಆದರೆ ಅದು ಅಪರಾಧ ತಡೆಯುವ ಇಲಾಖೆಯ ಕೆಲಸ. ಅಪರಾಧವೇ ನಡೆಯದಿದ್ದರೆ ದಂಡಶಾಸ್ತ್ರಜ್ಞರ ಗತಿಯೇನು ಎಂದು ಯೋಚಿಸದೆ ಎತ್ತಿದ ಪ್ರಶ್ನೆಯಾದ್ದರಿಂದ ಇದನ್ನು ತಳ್ಳಿಹಾಕಲಾಗಿದೆ.

ಶಿಕ್ಷೆಯ ಪ್ರಮಾಣದಲ್ಲಿ ಮಾತ್ರ ನಮ್ಮ ಪಂಥದೊಳಗೇ ಒಡಕಿದೆ. ಉಗ್ರರು ಪ್ರತಿ ಬ್ಯಾಂಡಿನಲ್ಲೂ 10 ಡೆಸಿಬೆಲ್ ಇಳಿಸುತ್ತಾರೆ. ಫಲವಾಗಿ ನಾಲಿಗೆ ದಪ್ಪವಾಗಿ ‘ಸಖಿ’ ಎಂಬುದು ‘ಥಖಿ’ಯಾಗುತ್ತದೆ. ಚಾರುದತ್ತ ಶಕಾರನನ್ನು ಕೊನೆಗೆ ಕ್ಷಮಿಸಿದ್ದನ್ನು ಆಧಾರವಾಗಿಟ್ಟು ಸೌಮ್ಯರು ಇಳಿಕೆಗೆ ಮಿತಿ ಹಾಕುವ ರೇಂಜ್ ಗುಂಡಿಯನ್ನು 3 ಡೆಸಿಬೆಲ್‌ಗೆ ನಿಲ್ಲಿಸುತ್ತಾರೆ. ಈ ಲೇಖಕ ಸೌಮ್ಯರ ಕಡೆಗೆ. ಅಷ್ಟು ಕಡಿಮೆ ಮಾಡಿದರೆ ಉಪಕರಣ ಬೈಪಾಸ್ ಮಾಡಿದರೂ ಕೇಳುಗನಿಗೆ ತಿಳಿಯದಲ್ಲ, ಹಣ ಕೊಟ್ಟ ನಿರ್ಮಾಪಕರಿಗೆ ತೋರಿಸುವುದೇನು ಎಂದು ಉಗ್ರರು ಕೇಳುತ್ತಾರೆ. ಪರದೆಯ ಮೇಲೆ ಬಣ್ಣದ ಗೆರೆ ಕುಣಿಯುತ್ತಿರುತ್ತದಲ್ಲ, ಅದನ್ನು. ಆಗ ನಿರ್ಮಾಪಕರು ತಲೆದೂಗುವುದು ಹಾಡಿನ ತಾಳಕ್ಕೋ ಗೆರೆಯ ತಾಳಕ್ಕೋ ಎಂಬುದು ಪ್ರತ್ಯೇಕ ಪಿಎಚ್‌.ಡಿ.ಗೆ ಯೋಗ್ಯವಾದ ವಿಷಯ.