ಮೇಷ್ಟ್ರ ಸೈಕಲ್ಲಿಗೆ ಕರೆಂಟು ಬಂತು

ನಿವೃತ್ತಿಯಾದ ಮರುವಾರವೇ ಮೇಷ್ಟ್ರು ಅಟ್ಟದಿಂದ ಹಳೇ ಸೈಕಲ್ ಇಳಿಸಿದರು. ಅದಕ್ಕೆ ಮೋಟಾರು ಕಟ್ಟುವುದೆಂದು ತೀರ್ಮಾನ. "ಇದೇನು ಹೊಸದಲ್ಲ ಕಣೇ, 1895ರಲ್ಲೇ ಅಮೆರಿಕದ ಆಗ್ಡನ್ ಬೋಲ್ಟನ್ ಹಿಂದಿನ ಚಕ್ರದೊಳಗೆ ಮೋಟಾರಿಟ್ಟು ಪೇಟೆಂಟ್ ಪಡೆದಿದ್ದ."

"ಅವನ ಹೆಂಡ್ತಿ ಏನಂದ್ಲಂತೆ ರೀ?" ಅಡುಗೆಮನೆಯಿಂದ ಪ್ರಶ್ನೆ. ಪೇಟೆಂಟಿನಲ್ಲಿ ಆ ವಿವರವಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದ ಮೇಲೆ ಹಬ್ ಮೋಟಾರು, ಕಂಟ್ರೋಲರು, ಥ್ರಾಟಲ್ ಬಂದವು. ಮೋಟಾರು 250 ವಾಟ್ ಮುಟ್ಟದೆ, ವೇಗ ಗಂಟೆಗೆ 25 ಕಿ.ಮೀ. ದಾಟದೆ ಇದ್ದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಬ್ಯಾಟರಿ ಲೆಕ್ಕಕ್ಕೆ ಕೂತಾಗ ಮೇಷ್ಟ್ರು ಮತ್ತೆ ಮೇಷ್ಟ್ರೇ ಆದರು: 3.6 ವೋಲ್ಟಿನ ಲಿಥಿಯಂ ಸೆಲ್ಲುಗಳ 10 ಗುಂಪು ಸರಣಿಯಲ್ಲಿ ಕಟ್ಟಿದರೆ 36 ವೋಲ್ಟ್, 10 ಆಂಪಿಯರ್-ಅವರ್ ಇದ್ದರೆ 360 ವಾಟ್-ಅವರ್, ಕಿ.ಮೀ.ಗೆ 15 ಖರ್ಚಾದರೂ 24 ಕಿ.ಮೀ. ತರಕಾರಿಗೆ ಹೋಗಿಬರಲು ಧಾರಾಳ!

ಮೊದಲ ಸವಾರಿಯಲ್ಲಿ ಚಕ್ರದ ಬದಲು ಅದರ ಅಚ್ಚೇ ಗರ್ರನೆ ತಿರುಗಿ, ವೈರುಗಳು ಹಗ್ಗದಂತೆ ಹೊಸೆದುಕೊಂಡವು. ಅಚ್ಚು ಅಲುಗದಂತೆ ಫ್ರೇಮಿಗೆ ಬಿಗಿಯುವ ಟಾರ್ಕ್ ಆರ್ಮ್ ಎಂಬ ಪಟ್ಟಿ ಡಬ್ಬದಲ್ಲೇ ಉಳಿದಿತ್ತು. ಸೈಕಲ್ ಶಾಪಿನ ಹುಡುಗ ನಗು ತಡೆದುಕೊಂಡು ಕೂರಿಸಿಕೊಟ್ಟ.

ಸೈಕಲ್ ಈಗ ಚೆನ್ನಾಗಿ ಓಡುತ್ತಿದೆ. ಓಡಿಸುತ್ತಿರುವವರು ಮಾತ್ರ ಮೇಷ್ಟ್ರ ಹೆಂಡತಿ.