ತುಪ್ಪ ತಿಂದು ತೆಳ್ಳಗಾಗುವವರು

ಕೊಬ್ಬು ಕರಗಬೇಕಾದರೆ ಕೊಬ್ಬನ್ನೇ ತಿನ್ನಬೇಕಂತೆ. ಹಾಗಂತ ಊರಿಗೆಲ್ಲ ಸಾರಿಕೊಂಡು ತಿರುಗುವವರ ಹೊಟ್ಟೆಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿದರೂ ಇದೇ ಪಾರಾಯಣ. ಅನ್ನ ವಿಷ. ಮುದ್ದೆ ವಿಷ. ಇಡ್ಲಿ ನಿಧಾನ ವಿಷ. ಕಾಫಿಗೆ ಬೆಣ್ಣೆ ಕದಡಿ ಕುಡಿದರೆ ಅಮೃತ.

ಇವರೇ ಅಲ್ಲವೇ, ಮೊನ್ನೆಮೊನ್ನೆಯವರೆಗೆ ಅಮ್ಮ ಬಿಸಿ ಅನ್ನಕ್ಕೆ ತುಪ್ಪ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿದವರು? "ಅಮ್ಮಾ, ಕೊಲೆಸ್ಟ್ರಾಲು!" ಎಂದು ಗದರಿದವರು? ಪಾಪ, ಆಕೆ ಮಿಳ್ಳೆಯನ್ನು ಒಳಗಿಟ್ಟು ಸುಮ್ಮನಾದಳು. ಮನೆಗೆ ರಿಫೈಂಡ್ ಎಣ್ಣೆ ಬಂತು. ಡಬ್ಬಿಯ ಮೇಲೊಂದು ಹೃದಯದ ಚಿತ್ರವಿದ್ದರೆ ಸಾಕು, ಒಳಗೇನಿದೆ ಎಂದು ಯಾರೂ ಕೇಳಲಿಲ್ಲ. ಅದಕ್ಕೂ ಮೊದಲೇ ತುಪ್ಪದ ಜಾಗಕ್ಕೆ ಬಂದಿದ್ದ ವನಸ್ಪತಿ ಡಾಲ್ಡಾ ಈ ದೇಶದ ಅಡುಗೆಮನೆಗೆ ಕಾಲಿಟ್ಟದ್ದು 1937ರಲ್ಲಿ. ಎಣ್ಣೆ, ವನಸ್ಪತಿಗಳಲ್ಲಿ ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬಿನ ಮಿತಿ ಶೇ. 2ಕ್ಕೆ ಇಳಿದದ್ದು 2022ರಲ್ಲಿ. ನಡುವಿನ ವರ್ಷಗಳ ಲೆಕ್ಕ ನೀವೇ ಹಾಕಿಕೊಳ್ಳಿ.

ಈಗ ಅದೇ ತುಪ್ಪ ಇಂಗ್ಲಿಷ್ ಕಲಿತು ವಾಪಸು ಬಂದಿದೆ. ಗಾಜಿನ ಬಾಟಲಿ, ಸೆಣಬಿನ ದಾರ, ಕಡೆಗೋಲಿನ ಚಿತ್ರ, ಮೇಲೊಂದು 'ಎ2' ಮುದ್ರೆ. ಬೆಲೆ ಕೇಳಿದರೆ ಡೇರಿ ತುಪ್ಪದವನಿಗೆ ತಲೆ ತಿರುಗಬೇಕು. ಸಾಲ ಮಾಡಿ ತುಪ್ಪ ತಿನ್ನು ಎಂದನೆಂದು ಚಾರ್ವಾಕನನ್ನು ಶತಮಾನಗಟ್ಟಲೆ ಬೈದೆವು. ಈಗ ಕ್ರೆಡಿಟ್ ಕಾರ್ಡ್ ಉಜ್ಜಿ ತರಿಸುತ್ತಿದ್ದೇವೆ.

ಈ ಮುದ್ರೆಯ ಕಥೆ ಕೇಳಿ. ಎ1, ಎ2 ಎನ್ನುವುದು ಹಾಲಿನ ಪ್ರೋಟೀನಿನ ವ್ಯತ್ಯಾಸ. ತುಪ್ಪ ಎಂದರೆ ಹೆಚ್ಚುಕಡಿಮೆ ಬರೀ ಕೊಬ್ಬು. ಅದರ ಮೇಲೆ ಪ್ರೋಟೀನಿನ ಬಿರುದು ಏಕೆ? 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಕೂಡ ಇದನ್ನೇ ಹೇಳಿತು. ಜನರ ದಾರಿ ತಪ್ಪಿಸುವ ಮಾತು, ತೆಗೆಯಿರಿ ಎಂದಿತು. ವಾರ ಕಳೆಯುವ ಮೊದಲೇ ಆ ಸೂಚನೆಯನ್ನು ತಾನೇ ವಾಪಸು ಪಡೆಯಿತು. ಇನ್ನಷ್ಟು ಸಮಾಲೋಚನೆ ಆಗಬೇಕಂತೆ. ಗ್ರಾಹಕನ ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಅದೂ ಎ2 ತುಪ್ಪ.

ಅನ್ನ ಬಿಟ್ಟು ಕೊಬ್ಬು ತಿನ್ನುವ ಈ ಕೀಟೋ ಪಥ್ಯಕ್ಕೆ ಆ ಹೆಸರು ಬಿದ್ದು ನೂರು ವರ್ಷ ದಾಟಿದೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಅದನ್ನು ಸೂಚಿಸಿದ್ದು ಮೂರ್ಛೆರೋಗಿಗಳಿಗೆ. ವೈದ್ಯರ ಕಣ್ಣೆದುರು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವ ಪಥ್ಯ ಅದು. ಇಂದು ಅದನ್ನು ಬೋಧಿಸುವವರು ಯಾರು? ಹೋದ ವರ್ಷ ಇನ್ಶೂರೆನ್ಸ್ ಮಾರುತ್ತಿದ್ದವರು. ಮುಂದಿನ ವರ್ಷ ಸೈಟು ಮಾರಲಿರುವವರು.

ಮೊದಲ ವಾರ ತೂಕ ಸರ್ರನೆ ಇಳಿಯುತ್ತದೆ. ಸ್ಟೇಟಸ್ಸಿನಲ್ಲಿ ಫೋಟೊ, ಕೆಳಗೆ ಚಪ್ಪಾಳೆ. ಇಳಿದದ್ದರಲ್ಲಿ ಬಹುಪಾಲು ನೀರು. ದೇಹ ಕೂಡಿಟ್ಟ ಗ್ಲೈಕೋಜನ್ ಖಾಲಿಯಾದಾಗ, ಅದು ಹಿಡಿದಿಟ್ಟ ನೀರೂ ಹೊರಟುಹೋಗುತ್ತದೆ. ಆಮೇಲೂ ಕೆಲವರು ಇಳಿಯುತ್ತಾರೆ, ಇಲ್ಲವೆನ್ನುವುದಿಲ್ಲ. ಬಿಸ್ಕತ್ತು, ಬಜ್ಜಿ, ಸಕ್ಕರೆ ಬಿಟ್ಟರೆ ಯಾರಾದರೂ ಇಳಿಯುತ್ತಾರೆ. ಆದರೆ ಅದರ ಕೀರ್ತಿ ಬಾಟಲಿಗೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟದಲ್ಲಿ 4. ಎಷ್ಟೇ ಒಳ್ಳೆಯ ಕೊಬ್ಬಾದರೂ ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ.

ನಿಜಕ್ಕೂ ಒಳ್ಳೆಯ ಕೊಬ್ಬು ಬೇಕಿತ್ತೇ? ವಿಜಯಪುರ, ಕಲಬುರಗಿ ಕಡೆ ಹೋಗಿ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಲ್ಲದ ಊಟವುಂಟೇ? ಒಮೆಗಾ-3 ಎಂಬ ಹೆಸರು ಕೇಳದ ಅಜ್ಜಿಯರೂ ಅಗಸೆ ಹುರಿದು ಕುಟ್ಟುತ್ತಿದ್ದರು. ಊರಿಂದ ಅದೇ ಹಿಂಡಿ ಪೊಟ್ಟಣ ಕಟ್ಟಿ ಕಳಿಸಿದರೆ ಮಗ ಫ್ರಿಡ್ಜಿನ ಹಿಂದಕ್ಕೆ ತಳ್ಳುತ್ತಾನೆ. ಆಮೇಲೆ ಮೊಬೈಲಿನಲ್ಲಿ 'ಫ್ಲ್ಯಾಕ್ಸ್ ಸೀಡ್ಸ್' ತರಿಸುತ್ತಾನೆ. ಜೋಳದ ರೊಟ್ಟಿ ಅವನಿಗೆ ನಿಷಿದ್ಧ, ಪಿಷ್ಟ ಇದೆಯಲ್ಲ! ಹಿಂಡಿಯನ್ನು ಚಮಚದಲ್ಲಿ ಬಾಯಿಗೆ ಸುರಿದುಕೊಳ್ಳುವವರನ್ನು ನೋಡುವ ಭಾಗ್ಯ ನಮ್ಮ ಕಾಲಕ್ಕೇ ಬರಬೇಕಿತ್ತು. ಕೊಡಗಿನ ಕಾಫಿ ತೋಟಗಳ ಬೆಣ್ಣೆ ಹಣ್ಣಿನ ಪಾಡೂ ಅಷ್ಟೇ. ಜ್ಯೂಸ್ ಅಂಗಡಿಯಲ್ಲಿ ಸಕ್ಕರೆ ಹಾಕಿ ತಿರುವಿದರೆ ಅಗ್ಗದ ಹಣ್ಣು. ಇಂದಿರಾನಗರದಲ್ಲಿ ಬ್ರೆಡ್ಡಿನ ಮೇಲೆ ಸವರಿದರೆ ಜೀವನಶೈಲಿ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು.

ಇದೇ ಪಥ್ಯದಲ್ಲಿ ಮೊಟ್ಟೆಗೆ ಅಗ್ರಸ್ಥಾನ. ಹಳದಿ ಭಾಗವನ್ನು ಬಿಸಾಡಬಾರದಂತೆ, ಒಳ್ಳೆಯ ಕೊಬ್ಬು ಇರುವುದೇ ಅದರಲ್ಲಿಯಂತೆ. ಸರಿ, ತಿನ್ನಲಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿದಾಗ ಏನಾಯಿತು? ಮಠಾಧೀಶರು ಬೀದಿಗಿಳಿದರು. ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳವು. ಜಿಮ್ಮಿನಿಂದ ಬಂದು ಆಮ್ಲೆಟ್ ಮುಗಿಸಿದವರಿಗೂ ಥಟ್ಟನೆ ಸಂಸ್ಕೃತಿ ನೆನಪಾಯಿತು. ರಾಯಚೂರು, ಯಾದಗಿರಿಯ ಮಕ್ಕಳಿಗೆ ಬಾಳೆಹಣ್ಣು ಸಾಕಲ್ಲವೇ ಎಂದರು. ತಮ್ಮ ಪಥ್ಯದ ಪಟ್ಟಿಯಲ್ಲಿ ಅಡ್ಡಗೆರೆ ಎಳೆದಿಟ್ಟ ಅದೇ ಬಾಳೆಹಣ್ಣು! ಇವರ ತಟ್ಟೆಯಲ್ಲಿದ್ದರೆ ವಿಜ್ಞಾನ, ಬಡವರ ಮಕ್ಕಳ ತಟ್ಟೆಗೆ ಬಿದ್ದರೆ ಧರ್ಮಸಂಕಟ.

ಪುಣ್ಯಕ್ಕೆ ಯೋಜನೆ ನಿಲ್ಲಲಿಲ್ಲ, ರಾಜ್ಯಕ್ಕೆಲ್ಲ ಹಬ್ಬಿತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಗಿದೆ.

ಆದ್ದರಿಂದ ಸ್ವಾಮಿ, ನಿಮ್ಮ ಬೆಣ್ಣೆ ಕಾಫಿ ನೀವು ಕುಡಿಯಿರಿ, ನಿಮ್ಮ ತಕ್ಕಡಿ ನೀವು ಹತ್ತಿ ಇಳಿಯಿರಿ. ಆ ಮಕ್ಕಳ ತಟ್ಟೆಯ ಮೊಟ್ಟೆಗೆ ಮಾತ್ರ ಕೈ ಹಾಕಬೇಡಿ.