ಮಲೆನಾಡಿಗೆ ಹೋದ ಓಟಿಪಿ

ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದಲ್ಲಿ ಸಿಗಬೇಕಾದ ನೆರವು ಎರಡು ಬಗೆಯದು: ಅಧ್ಯಯನದ ದಾರಿ ತೋರುವ ಸಲಹೆ ಒಂದು, ಆ ದಾರಿ ಸವೆಯುವವರೆಗೆ ಹೊಟ್ಟೆಬಟ್ಟೆಗೆ ಸಾಲುವ ಹಣ ಇನ್ನೊಂದು. ನಿಯಮದ ಪ್ರಕಾರ ಸಲಹೆಯು ಮಾರ್ಗದರ್ಶಕರೆನಿಸಿದ ಅಧ್ಯಾಪಕರಿಂದಲೂ, ಯುಜಿಸಿ ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಫೆಲೋಶಿಪ್ ಗಿಟ್ಟಿಸಿದವರಿಗೆ ಹಣವು ಆ ಆಯೋಗದಿಂದಲೂ ಬರತಕ್ಕದ್ದಾದರೂ, ರೂಢಿಯಲ್ಲಿ ಇವೆರಡೂ ವಿಭಾಗದ ಕಚೇರಿಯ ಪ್ರಥಮ ದರ್ಜೆ ಸಹಾಯಕರ ಮೇಜನ್ನು ಹಾದೇ ಹೋಗುತ್ತವೆ, ಎಷ್ಟೋ ಸಲ ಅಲ್ಲಿಯೇ ತಂಗುತ್ತವೆ. ಕರ್ನಾಟಕದ ಯಾವುದೇ ರಾಜ್ಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ನಡೆಯಬಹುದಾದ ಈ ಸಂವಾದದ ಪಾತ್ರಧಾರಿಗಳು ಇಬ್ಬರು: ಗ್ರಾಮೀಣ ಋಣಭಾರವನ್ನು ಕುರಿತು ಪ್ರಬಂಧ ಬರೆಯುತ್ತಿರುವ, ಮೂರು ತಿಂಗಳಿಂದ ಫೆಲೋಶಿಪ್ಪಿನ ಮುಖ ಕಾಣದ ಸಂಶೋಧಕಿ, ಮತ್ತು ನಿವೃತ್ತಿಯ ಅಂಚಿನಲ್ಲಿರುವ, ಕಡತಗಳ ಲಾಡಿಯ ಬಣ್ಣ ನೋಡಿಯೇ ಅವುಗಳ ವಯಸ್ಸು ಹೇಳಬಲ್ಲ ಸಹಾಯಕರು.

ಸಂಶೋಧಕಿ: ನಮಸ್ಕಾರ ಸಾರ್. ಈ ತಿಂಗಳೂ ಹಣ ಖಾತೆಗೆ ಜಮೆಯಾಗಿಲ್ಲ.

ಸಹಾಯಕರು: ಕುಳಿತುಕೊಳ್ಳಿ ಅಮ್ಮ. ಜಮೆಯಾಗಿಲ್ಲ ಎಂಬುದು ಕಾರ್ಯ, ಏಕೆ ಆಗಿಲ್ಲ ಎಂಬುದು ಕಾರಣ. ಸಂಶೋಧನೆ ಮಾಡುವವರು ಕಾರಣದಿಂದ ಹೊರಡಬೇಕು. ಮಾರ್ಗದರ್ಶಕರನ್ನು ವಿಚಾರಿಸಿದಿರಾ?

ಸಂಶೋಧಕಿ: ವಿಚಾರಿಸಿದ್ದಾಯಿತು. ‘ಮೊದಲು ಸೈದ್ಧಾಂತಿಕ ಚೌಕಟ್ಟು ಗಟ್ಟಿಯಾಗಲಿ, ಉಳಿದದ್ದೆಲ್ಲ ತಾನಾಗಿಯೇ ಬರುತ್ತದೆ’ ಎಂದರು.

ಸಹಾಯಕರು: ಅವರ ಸಂಬಳ ತಾನಾಗಿಯೇ ಬರುತ್ತದೆ, ಅದರ ಅನುಭವದಿಂದ ಹೇಳಿರಬೇಕು.

ಇಲ್ಲಿ ಚರ್ಚೆಗೆ ಬಂದಿರುವ ಹಣಕ್ಕೆ ಕಿರಿಯ ಸಂಶೋಧನಾ ಫೆಲೋಶಿಪ್, ಸಂಕ್ಷೇಪದಲ್ಲಿ ಜೆಆರ್‌ಎಫ್ ಎಂದು ಹೆಸರು. ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗಷ್ಟೇ ದೊರೆಯುವ ಈ ಫೆಲೋಶಿಪ್ಪಿನ ಮೊತ್ತ ಮೊದಲು ತಿಂಗಳಿಗೆ 31,000 ರೂಪಾಯಿ ಇದ್ದದ್ದು, 2023ರ ಜನವರಿ 1ರಿಂದ ಅನ್ವಯವಾಗುವಂತೆ 37,000 ಆಯಿತು. ಎರಡು ವರ್ಷದ ತರುವಾಯ ಕೆಲಸ ತೃಪ್ತಿಕರವೆಂದು ಸಮಿತಿ ಒಪ್ಪಿದರೆ ಅದೇ ವಿದ್ಯಾರ್ಥಿ ಹಿರಿಯ ಫೆಲೋ, ಅಂದರೆ ಎಸ್‌ಆರ್‌ಎಫ್ ಎನಿಸಿ 42,000 ಪಡೆಯುತ್ತಾನೆ. ಮೊತ್ತ ಸಣ್ಣದಲ್ಲ. ಸಣ್ಣದಲ್ಲದ ಮೊತ್ತವೇ ಕೈಗೆ ಬಾರದಿದ್ದಾಗ ಆಗುವ ಸಂಕಟವೂ ಸಣ್ಣದಲ್ಲ.

ಸಂಶೋಧಕಿ: ಹಾಸ್ಟೆಲಿನ ಮೆಸ್ ಬಿಲ್ ಬಾಕಿ ಇರುವುದರಿಂದ ಊಟ ಕ್ಯಾಂಟೀನಿನಲ್ಲಿ ನಡೆಯುತ್ತಿದೆ ಸಾರ್, ಅಲ್ಲಿಯ ಲೆಕ್ಕದ ಪುಸ್ತಕದಲ್ಲಿ ಈಗಾಗಲೇ 4,300 ರೂಪಾಯಿ ಏರಿದೆ.

ಸಹಾಯಕರು: ಪ್ರಬಂಧದ ವಿಷಯ ಋಣಭಾರವೇ ಆಗಿರುವುದರಿಂದ ಆ ಪುಸ್ತಕವನ್ನು ಪ್ರಾಥಮಿಕ ಆಕರವೆಂದು ಸೇರಿಸಿಕೊಳ್ಳಿ.

ಸಂಶೋಧಕಿ: ವಿಷಯ ಗ್ರಾಮೀಣ ಋಣಭಾರ ಸಾರ್. ಕ್ಯಾಂಟೀನ್ ಇರುವುದು ನಗರಪಾಲಿಕೆಯ ವ್ಯಾಪ್ತಿಯಲ್ಲಿ.

ಸಹಾಯಕರು: ಹಾಗಾದರೆ ತೌಲನಿಕ ಅಧ್ಯಯನವಾಯಿತು. ಅಷ್ಟಕ್ಕೂ ನಿಮ್ಮದು ಪುಣ್ಯ. ಪಕ್ಕದ ಕೊಠಡಿಯ ಹುಡುಗ ಕೆ-ಸೆಟ್ ಪಾಸಾದವನು. ಅವನ ಹಣ ಒಂದು ದಿನವೂ ತಡವಾಗಿಲ್ಲ, ಏಕೆಂದರೆ ಅವನಿಗೆ ಬರಬೇಕಾದ ಹಣವೇ ಇಲ್ಲ.

ಕೆ-ಸೆಟ್ ಎಂಬುದು ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾಗಿದ್ದು, ಅದರಲ್ಲಿ ತೇರ್ಗಡೆಯಾದವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದೇ ಹೊರತು ಫೆಲೋಶಿಪ್ ಪಡೆಯಲಾರರು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದವರಿಗೂ ಯುಜಿಸಿ ತಿಂಗಳಿಗೆ 8,000 ರೂಪಾಯಿ ಕೊಡುವ ಪದ್ಧತಿಯಿದ್ದು, 2015ರ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸುವ ತೀರ್ಮಾನ ಹೊರಬಿದ್ದಾಗ ವಿದ್ಯಾರ್ಥಿಗಳು ದೆಹಲಿಯ ಆಯೋಗದ ಕಚೇರಿಯೆದುರೇ ಠಿಕಾಣಿ ಹೂಡಿದ್ದರು. ರಾಜ್ಯ ವಿಶ್ವವಿದ್ಯಾಲಯದ ಹುಡುಗನಿಗೆ ಆ 8,000ವೂ ಇಲ್ಲ. ಅವನಿಗೆ ಠಿಕಾಣಿ ಹೂಡಲು ಬಸ್ ಚಾರ್ಜು ಯಾರು ಕೊಡಬೇಕೆಂಬ ಪ್ರಶ್ನೆ ಬೇರೆ.

ಸಂಶೋಧಕಿ: ಅದಿರಲಿ ಸಾರ್, ಈಗ ಹಣ ಎಲ್ಲಿ ನಿಂತಿದೆ?

ಸಹಾಯಕರು: ದೆಹಲಿಯಲ್ಲಿ ನಿಂತಿಲ್ಲ, ಬ್ಯಾಂಕಿನಲ್ಲೂ ನಿಂತಿಲ್ಲ. ಯುಜಿಸಿಯ ಪರವಾಗಿ ಕೆನರಾ ಬ್ಯಾಂಕಿನ ಜಾಲತಾಣವಿದೆಯಲ್ಲ, ಅದರಲ್ಲಿ ‘ಈ ವಿದ್ಯಾರ್ಥಿ ಈ ತಿಂಗಳೂ ಸಂಶೋಧನೆ ಮುಂದುವರಿಸಿದ್ದಾಳೆ’ ಎಂದು ಪ್ರತಿ ತಿಂಗಳೂ ವಿಶ್ವವಿದ್ಯಾಲಯ ದೃಢೀಕರಿಸಬೇಕು. ವಿವರ ತುಂಬುವವರು ಮೇಕರ್, ಅದನ್ನು ಒಪ್ಪುವವರು ಚೆಕರ್. ಮೇಕರ್ ಎದುರಿಗೇ ಕುಳಿತಿರುವುದನ್ನು ನೀವು ನೋಡುತ್ತಿದ್ದೀರಿ.

ಸಂಶೋಧಕಿ: ಚೆಕರ್?

ಸಹಾಯಕರು: ಮೂರು ತಿಂಗಳ ಹಿಂದೆ ನಿವೃತ್ತರಾದರು. ಹೊಸಬರು ಬಂದಿದ್ದಾರೆ, ಕುರ್ಚಿಯ ಟವೆಲೂ ಬದಲಾಗಿದೆ. ಆದರೆ ಜಾಲತಾಣದ ಓಟಿಪಿ, ಎಂದರೆ ಒಂದು ಸಲಕ್ಕೆ ಮಾತ್ರ ನಡೆಯುವ ಗುಪ್ತ ಸಂಖ್ಯೆ, ಇನ್ನೂ ಹಳಬರ ಮೊಬೈಲಿಗೇ ಹೋಗುತ್ತಿದೆ. ಅವರೀಗ ಶಿರಸಿಯ ಕಡೆ ಅಡಿಕೆ ತೋಟದಲ್ಲಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗುತ್ತದಂತೆ.

ಸಂಶೋಧಕಿ: ಸಂಖ್ಯೆ ಬದಲಿಸಲು ಅರ್ಜಿ ಕೊಡಬಹುದಲ್ಲ ಸಾರ್?

ಸಹಾಯಕರು: ಕೊಟ್ಟಾಗಿದೆ. ಅರ್ಜಿ ಕುಲಸಚಿವರ ಕಚೇರಿಯಲ್ಲಿದೆ. ಅಲ್ಲಿಂದ ‘ಹಳೆಯ ಚೆಕರ್ ಅವರ ಒಪ್ಪಿಗೆ ಪತ್ರ ಲಗತ್ತಿಸಿ’ ಎಂಬ ಟಿಪ್ಪಣಿಯೊಂದಿಗೆ ಒಮ್ಮೆ ಹಿಂದಿರುಗಿಯೂ ಬಂದಿದೆ.

ಆಡಳಿತಶಾಸ್ತ್ರದ ಪಠ್ಯಗಳು ಮೇಕರ್-ಚೆಕರ್ ಪದ್ಧತಿಯನ್ನು ಒಬ್ಬನ ತಪ್ಪನ್ನು ಇನ್ನೊಬ್ಬ ತಡೆಯುವ ವ್ಯವಸ್ಥೆಯೆಂದು ವರ್ಣಿಸುತ್ತವೆ, ಮತ್ತು ಅದು ನಿಜವೂ ಹೌದು. ಒಬ್ಬನ ಕೆಲಸವನ್ನೂ ಇನ್ನೊಬ್ಬ ತಡೆಯಬಲ್ಲನೆಂಬ ಅಂಶವನ್ನು ಮಾತ್ರ ಅವು ಬಿಟ್ಟಿರುತ್ತವೆ. ಸಹಾಯಕರು ಶಿರಸಿಗೆ ಫೋನು ಹಚ್ಚಿದಾಗ ನಿವೃತ್ತ ಅಧಿಕಾರಿಗಳು ಅದೃಷ್ಟವಶಾತ್ ಗುಡ್ಡದ ಮೇಲೆಯೇ ಇದ್ದರು. ಆದರೆ ಓಟಿಪಿ ಓದುವುದಕ್ಕೆ ಮುನ್ನ ಈ ಮಳೆಗಾಲದ ಕೊಳೆರೋಗ, ಮದ್ದು ಹೊಡೆಯಲು ಬಾರದ ಕೊನೆಗೌಡ, ಅಡಿಕೆಯ ಧಾರಣೆ, ಇವಿಷ್ಟನ್ನೂ ವಿವರಿಸಿದ್ದರಿಂದ ಸಂಖ್ಯೆಯ ಆಯುಷ್ಯ ತೀರಿಹೋಯಿತು. ಎರಡನೆಯ ಸಲ ಸಂಶೋಧಕಿಯೇ ಫೋನು ತೆಗೆದುಕೊಂಡು ‘ಧಾರಣೆಯ ಮಾತು ಆಮೇಲೆ ಸಾರ್, ಮೊದಲು ಆರು ಅಂಕಿ ಹೇಳಿಬಿಡಿ’ ಎಂದು ಕೈಮುಗಿದು ಕೇಳಿಕೊಂಡ ಬಳಿಕ ಮೂರೂ ತಿಂಗಳ ದೃಢೀಕರಣ ಮುಗಿಯಿತು.

ಸಂಶೋಧಕಿ: ಇಷ್ಟನ್ನೆಲ್ಲ ಹೇಳಿಕೊಡುವವರು ನೀವೊಬ್ಬರೇ ಸಾರ್.

ಸಹಾಯಕರು: ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿ ಓದಿದ್ದೀರಾ? ಪ್ರಾಧ್ಯಾಪಕರ ಕೈಕೆಳಗೆ ಏಕಕಾಲಕ್ಕೆ 8 ವಿದ್ಯಾರ್ಥಿಗಳು, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಎಂದು ಮಿತಿ ಹಾಕಿದೆ. ಪ್ರಥಮ ದರ್ಜೆ ಸಹಾಯಕರಿಗೆ ಮಿತಿ ಹಾಕಲು ಮರೆತಿದೆ, ಹಾಗಾಗಿ ಇಡೀ ವಿಭಾಗ ಈ ಮೇಜಿಗೆ ಬರುತ್ತದೆ. ಇನ್ನೊಂದು ಲೆಕ್ಕ ಕೇಳಿ: ಜೆಆರ್‌ಎಫ್, ಎಸ್‌ಆರ್‌ಎಫ್ ಎರಡೂ ಸೇರಿ ಐದು ವರ್ಷ. ಪ್ರಬಂಧ ಸಲ್ಲಿಸಲು ಆರು ವರ್ಷ, ಮರುನೋಂದಣಿಯಾದರೆ ಮತ್ತೆರಡು, ಮಹಿಳೆಯರಿಗೆ ಅದರ ಮೇಲೆ ಇನ್ನೆರಡು ವರ್ಷದ ವಿನಾಯಿತಿ.

ಸಂಶೋಧಕಿ: ಎಂದರೆ ಐದು ವರ್ಷದ ಅನಂತರ ಸಮಯ ಸಿಗುತ್ತದೆ, ಹಣ ಸಿಗುವುದಿಲ್ಲ.

ಸಹಾಯಕರು: ಈಗ ನಿಮ್ಮ ಸೈದ್ಧಾಂತಿಕ ಚೌಕಟ್ಟು ಗಟ್ಟಿಯಾಯಿತು. ನಿಮಗೆ ಎರಡು ವರ್ಷ ತುಂಬುವುದು ಯಾವಾಗ?

ಸಂಶೋಧಕಿ: ಬರುವ ತಿಂಗಳ ಕೊನೆಗೆ.

ಸಹಾಯಕರು: ಅಯ್ಯೋ, ಎಸ್‌ಆರ್‌ಎಫ್ ಕಡತ ಇವತ್ತೇ ತೆರೆಯಬೇಕು! ಮಾರ್ಗದರ್ಶಕರ ಶಿಫಾರಸು, ವಿಭಾಗದ ಮುಖ್ಯಸ್ಥರ ಸಹಿ, ಹೊರಗಿನ ತಜ್ಞರು ಕುಳಿತ ಸಮಿತಿಯ ವರದಿ, ಇಷ್ಟೂ ಆಗಬೇಕು. ಮಾರ್ಗದರ್ಶಕರು ಎಲ್ಲಿದ್ದಾರೆ?

ಸಂಶೋಧಕಿ: ಬೇರೊಂದು ವಿಶ್ವವಿದ್ಯಾಲಯದಲ್ಲಿ ಮೂರು ದಿನದ ಕಾರ್ಯಾಗಾರವಂತೆ ಸಾರ್. ‘ಸಂಶೋಧನಾ ವಿದ್ಯಾರ್ಥಿಗಳಿಗೆ ಸಕಾಲಿಕ ಮಾರ್ಗದರ್ಶನ’ ಎಂಬ ವಿಷಯದ ಮೇಲೆ ಅವರ ಉಪನ್ಯಾಸವಿದೆ.

ಸಹಾಯಕರು ಮರುಮಾತಾಡದೆ ಹೊಸ ಕಡತವೊಂದಕ್ಕೆ ಲಾಡಿ ಪೋಣಿಸಿ, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಎಸ್‌ಆರ್‌ಎಫ್, ತುರ್ತು’ ಎಂದು ಬರೆದರು. ಅವರ ಕಪಾಟಿನಲ್ಲಿ ‘ತುರ್ತು’ ಎಂದು ಬರೆಯದ ಕಡತ ಒಂದೂ ಇರಲಿಲ್ಲ. ಫೆಲೋಶಿಪ್ ಪಡೆಯುತ್ತಿರುವ ಓದುಗರು ತಮ್ಮ ಸಂಸ್ಥೆಯ ಚೆಕರ್ ಯಾರು, ಅವರು ನಿವೃತ್ತರಾಗುವ ತಿಂಗಳು ಯಾವುದು ಎಂಬುದನ್ನು ಈಗಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.